ಹೊಳೆಯಲ್ಲಿ ನಿಂತ ಬಿ.ಎ.

ಬೆಳಗಿನ ಚಹಾ ಕುಡಿದು ಮಂಚದ ಮೇಲೆ ಬೋರಲು ಬಿದ್ದು ಕೈಕಾಲು ಬಡಿಯುತ್ತಿದ್ದೆ. ತಲೆದಿಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಒಬ್ಬ ತರುಣ ನೀಲಿ ನೀರನ್ನು ಸೀಳಿಕೊಂಡು ಹೋಗುತ್ತಿದ್ದ. ಅವನು ಬಲಗೈ ಎತ್ತಿದರೆ ನಾನೂ ಬಲಗೈ ಎತ್ತುತ್ತಿದ್ದೆ. ಅವನು ಮುಖ ಹೊರಳಿಸಿ ಉಸಿರು ಎಳೆದರೆ ನಾನೂ ಎಳೆಯುತ್ತಿದ್ದೆ. ಕಸಬರಿಗೆ ಹಿಡಿದು ಒಳಗೆ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

“ಎಲ್ಲಿಗೆ ಬಂತು? ಗೋವಾ ದಾಟಿತಾ?”

ನಾನು ಉತ್ತರಿಸಲಿಲ್ಲ. ಈಜುವಾಗ ಮಾತಾಡಿದರೆ ಬಾಯಿಗೆ ನೀರು ಹೋಗುತ್ತದೆ ಎಂದು ವಿಡಿಯೋದವನು ಹೇಳಿದ್ದ.

“ಹೋಗೂದಾದ್ರೆ ಬೇಗ ಹೋಗಿ. ಮಂಚದಡಿ ಗುಡಿಸೂದಿದೆ.”

ನಮ್ಮ ಮನೆ ಕಾರವಾರದ ಹಬ್ಬುವಾಡದಲ್ಲಿ. ಸಮುದ್ರಕ್ಕೆ ನಡೆದೇ ಹೋಗಬಹುದು. ನಾನು ಹುಟ್ಟಿದ್ದು ಅಂಕೋಲೆಯ ಹತ್ತಿರದ ಅವರ್ಸಾದಲ್ಲಿ. ಅಲ್ಲಿಯೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳ್ಳ. ಅರವತ್ತು ದಾಟುವವರೆಗೆ ನೀರಿನ ಮಗ್ಗುಲಲ್ಲೇ ಬದುಕಿದ ನನಗೆ ಈಜು ಬರುವುದಿಲ್ಲ. ಇದನ್ನು ನಾಚಿಕೆಯಿಂದ ಹೇಳಬೇಕೋ ಹೆಮ್ಮೆಯಿಂದ ಹೇಳಬೇಕೋ ಇವತ್ತಿಗೂ ಗೊತ್ತಾಗಿಲ್ಲ. ಯಾಕೆಂದರೆ ನನಗೆ ಈಜು ಬಾರದ್ದಕ್ಕೂ ನಾನು ಬಿ.ಎ. ಆದದ್ದಕ್ಕೂ ನೇರ ಸಂಬಂಧ ಇದೆ.

ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದ ಮೊದಲಿಗ ನಾನು. ಗದ್ದೆ ಮಾಡುವ ಮನೆಯಲ್ಲಿ ನಾಟಿಯ ಹೊತ್ತಿಗೆ ಒಂದು ಜೊತೆ ಕೈ ಕಡಿಮೆಯಾದರೆ ಏನಾಗುತ್ತದೆ ಎಂದು ಗೊತ್ತಿದ್ದವರಿಗೆ ಆ ಬಿ.ಎ.ಯ ಬೆಲೆ ಗೊತ್ತು. ಪುಕ್ಕಟೆ ಬಂದದ್ದಲ್ಲ ಅದು. ಅದರ ಸರ್ಟಿಫಿಕೇಟು ನಮ್ಮ ಪಡಸಾಲೆಯಲ್ಲಿ ದೇವರ ಪಟಕ್ಕಿಂತ ಒಂದು ಮೊಳೆ ಕೆಳಗೆ ಇದೆ. ಅದೂ ಹೆಂಡತಿ ಹಟ ಮಾಡಿದ್ದಕ್ಕೆ. ಇಲ್ಲದಿದ್ದರೆ ಸರಿಸಮಕ್ಕೆ ಇರುತ್ತಿತ್ತು.

ಓದುವ ಹುಡುಗ ಎಂದು ಗೊತ್ತಾದ ದಿನದಿಂದ ಮನೆಯವರೆಲ್ಲ ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಂಡರು. ಕೈಗೆ ಕತ್ತಿ ಕೊಡಲಿಲ್ಲ, ಬೆರಳು ತುಂಡಾದರೆ ಬರೆಯುವುದು ಹೇಗೆ? ಮರ ಹತ್ತಲು ಬಿಡಲಿಲ್ಲ. ಅವ್ವಿ ಬಂಗಡೆಯ ಮುಳ್ಳನ್ನೂ ಬಿಡಿಸಿಯೇ ಬಟ್ಟಲಿಗೆ ಹಾಕುತ್ತಿದ್ದಳು. ಗಂಟಲಲ್ಲಿ ಮುಳ್ಳು ಸಿಕ್ಕಿಸಿಕೊಂಡು ಪರೀಕ್ಷೆಗೆ ಕೂರಲಾದೀತೇ? ಹಾಗಾಗಿ ಕರಾವಳಿಯಲ್ಲಿ ಹುಟ್ಟಿಯೂ ಮುಳ್ಳಿನ ಮೀನು ತಿನ್ನುವಾಗ ನಾನು ಇವತ್ತಿಗೂ ಬಾಂಬು ಬಿಚ್ಚುವವನ ಮುಖ ಮಾಡುತ್ತೇನೆ. ನೀರಿನ ಮಾತಂತೂ ಎತ್ತುವ ಹಾಗೇ ಇರಲಿಲ್ಲ.

“ಓದೂ ಹುಡುಗ ಅಂವ. ನೀರಿಗೆ ಬಿಡ್ಬೇಡಿ,” ಎನ್ನುತ್ತಿದ್ದ ಅಪ್ಪ. “ಅಂವ ಮುಳುಗಿದ್ರೆ ಇಷ್ಟು ವರ್ಷದ ಓದೂ ಮುಳುಗ್ತದೆ.”

ಮೊದಲು ಮುಳುಗುವುದು ನಾನೋ ಓದೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಕ್ಕ, ಅಣ್ಣಂದಿರು ಎರಡೆರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಯಲ್ಲೇ ಒಂದಕ್ಕೊಂದು ಗಂಟು ಹಾಕಿ, ಎದೆಯಡಿ ಇಟ್ಟುಕೊಂಡು ಹಳ್ಳದಲ್ಲಿ ತೇಲುತ್ತಿದ್ದರು. ನಾನು ದಂಡೆಯ ಮೇಲೆ ಪುಸ್ತಕ ಹಿಡಿದು ಅವರ ಅಂಗಿ ಚಡ್ಡಿ ಕಾಯುತ್ತಿದ್ದೆ. ನನ್ನ ಮೊದಲ ಸರ್ಕಾರಿ ಕೆಲಸ ಅದೇ ಎನ್ನಬಹುದು. ಆಮೇಲೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾಗುವವರೆಗೂ ನಾನು ಮಾಡಿದ್ದು ಹೆಚ್ಚುಕಡಿಮೆ ಇನ್ನೊಬ್ಬರ ಸಾಮಾನು ಕಾಯುವ ಕೆಲಸವನ್ನೇ.

ನಿವೃತ್ತಿಯಾದ ಮೇಲೆ ಹವ್ಯಾಸ ಬೇಕು ಎಂದು ಎಲ್ಲರೂ ಹೇಳಿದರು. ಹಾರ್ಮೋನಿಯಂ ತಂದೆ. ಪಕ್ಕದ ಮನೆಯವರು ಒಂದು ದಿನ ಬಂದು, “ಸರ್, ಏನಾದ್ರೂ ರಿಪೇರಿ ನಡೀತಾ ಉಂಟಾ?” ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಹಾರ್ಮೋನಿಯಂ ಕಪಾಟಿನ ಮೇಲೆ ಹೋಯಿತು. ತಾರಸಿಯಲ್ಲಿ ಬದನೆ ಬೆಳೆದೆ. ರೈತನ ಮಗನ ಬದನೆಯನ್ನು ಹುಳುಗಳು ಬಹಳ ಮೆಚ್ಚಿಕೊಂಡವು. ಈಜು ಮೂರನೆಯದು. ಆದರೆ ಇದನ್ನು ಹವ್ಯಾಸ ಎಂದು ಹಿಡಿದದ್ದಲ್ಲ. ಮೊಮ್ಮಗಳಿಗಾಗಿ ಹಿಡಿದದ್ದು.

ಒಬ್ಬಳೇ ಮಗಳು ನಮಗೆ. ಕಾರವಾರದಲ್ಲೇ ಆಸ್ಪತ್ರೆಯಲ್ಲಿ ನರ್ಸು. ಅವಳ ಮಗಳು, ಒಂಬತ್ತು ವರ್ಷದವಳು, ಹೋದ ಬೇಸಿಗೆಯ ಶಿಬಿರದಲ್ಲಿ ಈಜು ಕಲಿತಿದ್ದಳು. ಕೊಳದ ಆಚೆ ತುದಿ ಮುಟ್ಟಿ ಬರುತ್ತಿದ್ದಳು. ಈ ವರ್ಷ ಅವಳಿಗೆ ಕೊಳ ಸಾಕಾಗಿ ಹೊಳೆ ಬೇಕಾಯಿತು. ಮಂಜಗುಣಿಯಲ್ಲಿ ನನ್ನ ಅಕ್ಕನ ಮನೆ, ಹಿತ್ತಲಿಗೆ ತಾಗಿಯೇ ಗಂಗಾವಳಿ ಹೊಳೆ. ಮೇ ತಿಂಗಳಲ್ಲಿ ಅಜ್ಜ ಅಜ್ಜಿಯ ಜೊತೆ ಅಲ್ಲಿಗೆ ಹೋಗಿ ಇರುವುದು, ಹೊಳೆಯಲ್ಲಿ ಈಜುವುದು, ಇದು ಅವಳ ಯೋಜನೆ. ಮಗಳು ಒಪ್ಪಿದಳು, ಆದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ನೀರಿನಿಂದ ಎತ್ತಿ ತಂದವರನ್ನು ನೋಡಿದವಳು.

“ಈಜು ಬರೂ ದೊಡ್ಡವರು ಜೊತೆಗೆ ನೀರಲ್ಲಿದ್ರೆ ಮಾತ್ರ ಇಳಿ. ಇಲ್ದಿದ್ರೆ ಮೊಣಕಾಲಿನವರೆಗೆ. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಟ್ರೂ ಗೊತ್ತಾಗ್ತದೆ ನಂಗೆ.”

ಮೊಮ್ಮಗಳು ಈಜು ಬರುವ ದೊಡ್ಡವರನ್ನು ಹುಡುಕಿದಳು. ನನ್ನ ಅಕ್ಕ ಒಂದು ಕಾಲದಲ್ಲಿ ಹೊಳೆ ದಾಟುತ್ತಿದ್ದವಳು, ಈಗ ಸೊಂಟ ಹಿಡಿದು ಮೆಟ್ಟಿಲು ಇಳಿಯುವುದೇ ಕಷ್ಟ. ಭಾವನಿಗೆ ದಮ್ಮು. ಅವರ ಮಗ ಗೋವಾದಲ್ಲಿ ಕೆಲಸದ ಮೇಲಿದ್ದ. ನನ್ನ ಹೆಂಡತಿ, “ನನ್ನ ನೋಡ್ಬೇಡ. ನಾನು ದಂಡೆ ಮೇಲೆ ನಿಂತು ಸಮುದ್ರಕ್ಕೆ ಕೈ ಮುಗಿಯೂ ಪೈಕಿ,” ಎಂದಳು. ಕೊನೆಗೆ ಆ ಎರಡು ಕಣ್ಣುಗಳು ನನ್ನ ಮೇಲೆ ಬಿದ್ದವು.

“ಅಜ್ಜಾ, ನೀನು ಬಿ.ಎ. ಅಲ್ವಾ?”

ತಪ್ಪು ಅವಳದಲ್ಲ. ಓದಿದವನಿಗೆ ಯಾವುದೂ ಕಷ್ಟವಲ್ಲ ಎಂದು ಅವಳ ಮಗ್ಗಿಯ ಪುಸ್ತಕದ ಮೇಲೆ ಬೆರಳು ಕುಟ್ಟಿ ಹೇಳುತ್ತಾ ಬಂದವನು ನಾನೇ. ಆ ಕೂಡಲೇ ಒಪ್ಪಿಕೊಂಡೆ. ಜೂನ್‌ನಲ್ಲಿ ಶಾಲೆ ಶುರು, ಅದರ ಹಿಂದೆಯೇ ಮಳೆ, ಮಳೆ ಹಿಡಿದರೆ ಹೊಳೆ ಕೆಂಪಾಗಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಅಷ್ಟರೊಳಗೆ ನಾನು ಈಜು ಕಲಿತು, ಮಗಳ ಎದುರು ಈಜಿ ತೋರಿಸಿ ಪಾಸಾಗಬೇಕು. ಪಾಸಾದರೆ ಮೊಮ್ಮಗಳಿಗೆ ಹೊಳೆ. ಫೇಲಾದರೆ ಮೊಣಕಾಲು.

ಮಂಚದ ಮೇಲಿನ ಕೋರ್ಸು ಮುಗಿಸಿ, ಸ್ನಾನದ ಬಾಲ್ದಿಯಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವುದನ್ನೂ ಕಲಿತು, ಮೂವರೂ ಮಂಜಗುಣಿಗೆ ಹೊರಟೆವು. ಹೊರಡುವ ದಿನ ಬಾಲ್ಯದ ನೆನಪಾಗಿ ಕಾರವಾರದ ಪೇಟೆಯಲ್ಲಿ ಒಳ್ಳೆಯ ಎರಡು ತೆಂಗಿನಕಾಯಿ ಆರಿಸಿ ಕೊಂಡೆ. ಅಲ್ಲಾಡಿಸಿ, ಬೆರಳಲ್ಲಿ ಬಡಿದು ನೋಡಿಯೇ ಕೊಂಡೆ. ಅಕ್ಕನ ಅಂಗಳದಲ್ಲಿ ಚೀಲದಿಂದ ಅವನ್ನು ತೆಗೆದಾಗ ಅವಳು ಅವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು.

“ಎಂತಕ್ಕೆ ಇದು?”

“ಕಟ್ಕೊಂಡು ತೇಲೂಕೆ ಅಕ್ಕ.”

“ಇದಾ? ಸಿಪ್ಪೆ ಸುಲಿದದ್ದು?”

ಪೇಟೆಯಲ್ಲಿ ಕಾಯಿ ಎಂದರೆ ಸುಲಿದ ಕಾಯಿಯೇ. ಮನುಷ್ಯನನ್ನು ತೇಲಿಸುವುದು ಅದರ ದಪ್ಪ ಸಿಪ್ಪೆ, ಗಂಟು ಹಾಕುವುದೂ ಸಿಪ್ಪೆಯ ನಾರಿನಿಂದಲೇ. ಇಷ್ಟೆಲ್ಲ ದಂಡೆಯ ಮೇಲೆ ಕೂತು ನೋಡಿದವನಿಗೆ ಸುಲಿದ ಕಾಯಿ ಆರಿಸುವಾಗ ಇದೊಂದೂ ಹೊಳೆದಿರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಭಾವ ಕೆಮ್ಮುತ್ತ ನಕ್ಕ, ನಗುತ್ತ ಕೆಮ್ಮಿದ.

“ಬಿ.ಎ. ಸಾಹೇಬ್ರು ಹೊಳೆಗೆ ಹಣ್ಣುಕಾಯಿ ಮಾಡ್ಸೂಕೆ ಬಂದಾರೆ. ಊದಿನಕಡ್ಡಿ ತಂದ್ರೋ ಇಲ್ವೋ?”

ಅವತ್ತು ಮಧ್ಯಾಹ್ನದ ಮೀನಿನ ಸಾರಿಗೆ ಆ ಎರಡೂ ಕಾಯಿ ಹೋದವು. ಸಾರು ಚೆನ್ನಾಗಿತ್ತು. ಅಕ್ಕ ಕೊಟ್ಟಿಗೆಯ ಅಟ್ಟದಿಂದ ಸಿಪ್ಪೆಯಿದ್ದ ಒಣ ಕಾಯಿ ಎರಡು ಇಳಿಸಿ ಗಂಟು ಹಾಕಿ ಕೊಟ್ಟಳು.

ಮರುದಿನದಿಂದ ಪಾಠ. ನಾನು ಈಜಿನ ಹೊಸ ಕನ್ನಡಕ, ರಬ್ಬರು ಟೋಪಿ ಹಾಕಿ ನೀರಿಗೆ ಇಳಿದದ್ದನ್ನು ಕಂಡು ಅಕ್ಕನ ಮನೆಯ ನಾಯಿ ನನ್ನ ಪರಿಚಯ ಮರೆತು ಬೊಗಳಿತು. ಅಕ್ಕ ಹಿತ್ತಲಿನ ಕಲ್ಲು ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತು ಕೂಗುತ್ತಿದ್ದಳು. ಒಳ್ಳೆಯ ಗುರು ಎನ್ನಲಾರೆ. “ಹೆದರ್ಬೇಡ, ಎಂತದೂ ಆಗೂದಿಲ್ಲ” ಎನ್ನುವವಳೂ ಅವಳೇ, ನೀರು ನನ್ನ ಗದ್ದಕ್ಕೆ ತಾಗಿದ ಕೂಡಲೇ “ಅಯ್ಯಯ್ಯೋ ಹೋದ!” ಎಂದು ಕಿರುಚುವವಳೂ ಅವಳೇ. ಅಪ್ಪ ಅಂದು ಹಾಕಿದ ಕಟ್ಟಪ್ಪಣೆ ಅವಳ ತಲೆಯಿಂದ ಇನ್ನೂ ಇಳಿದಿರಲಿಲ್ಲ ಎಂದು ಕಾಣುತ್ತದೆ.

“ಹೊಟ್ಟೆ ಎತ್ತಾ! ಹೊಟ್ಟೆ!”

“ಹೊಟ್ಟೆ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಅಕ್ಕ.”

“ಇಡೀ ಮಂಜಗುಣಿಗೆ ಕಾಣ್ತದೆ, ನಿಂಗೊಬ್ಬಂಗೆ ಗೊತ್ತಾಗೂದಿಲ್ವಾ?”

ಭಾವ ಜಗುಲಿ ಬಿಟ್ಟು ತೆಂಗಿನ ಮರದ ಬುಡಕ್ಕೆ ಕುರ್ಚಿ ಹಾಕಿಸಿಕೊಂಡ. “ಸಾಹೇಬ್ರೇ, ನಿಮ್ಮ ಕಚೇರಿ ಪದ್ಧತಿ ಪ್ರಕಾರ ನೀರಿಗೆ ಒಂದು ನೋಟೀಸು ಕೊಡಿ. ಇಷ್ಟು ದಿನದೊಳಗೆ ಎತ್ತಿ ಹಿಡೀಬೇಕು ಅಂತ.”

ಇಷ್ಟೆಲ್ಲ ನಡೆಯುವಾಗ ಮೊಮ್ಮಗಳು ಮೊಣಕಾಲು ನೀರಿನಲ್ಲಿ ನಿಂತಿರುತ್ತಿದ್ದಳು. ಅಮ್ಮನ ಮಾತು ಮೀರಿದವಳಲ್ಲ. ಕೈಯಲ್ಲಿ ನೀರು ಎರಚುತ್ತ, ಆಚೆ ಸ್ವಲ್ಪ ದೂರದಲ್ಲಿ ಕಟ್ಟಿದ್ದ ಹಳೆಯ ದೋಣಿಯನ್ನೇ ನೋಡುತ್ತ ನಿಂತಿರುತ್ತಿದ್ದಳು. ಅಲ್ಲಿಯವರೆಗೆ ಅವಳು ನಾಲ್ಕು ಉಸಿರಿನಲ್ಲಿ ಹೋಗಿ ಬರಬಲ್ಲಳು ಎಂದು ನನಗೆ ಗೊತ್ತಿತ್ತು. ನನ್ನ ಒಂದೊಂದು ಮುಳುಗೂ ಅವಳ ರಜೆಯ ಒಂದೊಂದು ದಿನವನ್ನು ನುಂಗುತ್ತಿತ್ತು. ಆದರೂ ನಕ್ಕವಳಲ್ಲ. “ಪರವಾಗಿಲ್ಲ ಅಜ್ಜಾ, ನಂಗೂ ಮೊದಲು ಹಾಗೇ ಆಗ್ತಿತ್ತು,” ಎನ್ನುತ್ತಿದ್ದಳು. ಭಾವನ ಕುಚೋದ್ಯವನ್ನು ಬೇಕಾದರೆ ಸಹಿಸಬಹುದು. ಒಂಬತ್ತು ವರ್ಷದವಳ ಸಮಾಧಾನ ಬಹಳ ಖಾರ.

ಅಂತೂ ಕಾಯಿ ಕಟ್ಟಿಕೊಂಡು ತೇಲಿದೆ. ಆಮೇಲೆ ಒಂದು ಭಾನುವಾರ ಕಾಯಿ ಬಿಟ್ಟು ದೋಣಿಯ ಕಡೆಗೆ ಕೈ ಬಡಿದೆ. ದೋಣಿ ನಿಧಾನಕ್ಕೆ ಹತ್ತಿರ ಬಂದಂತಾಯಿತು, ಅದರ ಅಂಚು ಕೈಗೆ ಸಿಕ್ಕಿತು. ತಿರುಗಿ ಮೆಟ್ಟಿಲಿಗೂ ಬಂದೆ.

“ಬಂತು,” ಎಂದಳು ಅಕ್ಕ. “ಒಂದು ನಮೂನಿ ಬಂತು.”

ಆ ‘ಒಂದು ನಮೂನಿ’ಯನ್ನು ಬಿಟ್ಟು ‘ಬಂತು’ ಎಂಬುದನ್ನು ಮಾತ್ರ ನಾನು ಕೇಳಿಸಿಕೊಂಡೆ. ಸಂಬಂಧಿಕರ ಮದುವೆಗೆಂದು ಅವತ್ತೇ ಕಾರವಾರಕ್ಕೆ ಮರಳಬೇಕಿತ್ತು. ಮಗಳಿಗೆ ಹೇಳಿದೆ, ಮುಂದಿನ ಭಾನುವಾರ ರಜೆ ಹಾಕು, ಮಂಜಗುಣಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಹೌದು, ಕಾರ್ಯಕ್ರಮ ಎಂದೇ ಹೇಳಿದೆ. ನನ್ನ ಸೇವಾವಧಿಯಲ್ಲಿ ಧ್ವಜ ಹಾರಿಸುವುದೊಂದು ಬಿಟ್ಟರೆ ಉಳಿದ ಮುಖ್ಯ ಕಾರ್ಯಕ್ರಮಗಳೆಲ್ಲ ಹನ್ನೊಂದಕ್ಕೇ. ಅದೂ ಅಲ್ಲದೆ ನಾನು ದೋಣಿ ಮುಟ್ಟಿದ ಭಾನುವಾರ ಹನ್ನೊಂದಕ್ಕೆ ಹೊಳೆ ಮೆಟ್ಟಿಲವರೆಗೆ ತುಂಬಿ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೆ. ಅಕ್ಕನಿಗೆ ಫೋನು ಮಾಡಿ ಭಾನುವಾರ ಹನ್ನೊಂದಕ್ಕೆ ಬರುತ್ತೇವೆ ಎಂದೆ. ಊಟಕ್ಕೆ ಬರುತ್ತಾರೆ ಎಂದುಕೊಂಡು ಅವಳು, “ಬನ್ನಿ, ಬಂಗಡೆ ತರ್ಸಿಡ್ತೇನೆ,” ಎಂದಳು.

ಮಗಳು ಪಾಳಿ ಬದಲಿಸಿಕೊಂಡು ಬಂದಳು. ಆದರೆ ಅದೇ ದಿನ ರಾತ್ರಿಯ ಪಾಳಿ ಇತ್ತು, ಸಂಜೆ ಆರಕ್ಕೆ ಹೊರಡಲೇಬೇಕು. ಅದರ ಮರುದಿನ ಶಾಲೆಯ ಪುಸ್ತಕ, ಸಮವಸ್ತ್ರ ಅಂತ ಓಡಾಟ ಶುರು. ಅಂದರೆ ಇದೇ ಕೊನೆಯ ಅವಕಾಶ. ನಾನು ಟೋಪಿ, ಕನ್ನಡಕ ಹಾಕಿ, ಟವೆಲು ಹೆಗಲಿಗೇರಿಸಿ, ಮುಂದೆ ನಾನು ಹಿಂದೆ ಅವರು ಎನ್ನುವ ಹಾಗೆ ಸಮಯಕ್ಕೆ ಸರಿಯಾಗಿ ಹಿತ್ತಲಿಗೆ ಹೋದೆ.

ಹೊಳೆ ಇರಲಿಲ್ಲ.

ಅಂದರೆ ಇತ್ತು, ಬಹಳ ದೂರದಲ್ಲಿ, ನಡುವಿನಲ್ಲಿ ಒಂದು ಪಟ್ಟಿಯ ಹಾಗೆ. ಮೆಟ್ಟಿಲಿನ ಕೆಳಗೆ ಮರಳು, ಕೆಸರು, ಕೆಸರಿನಲ್ಲಿ ಓಡಾಡುವ ಏಡಿಗಳು. ನಾನು ಈಜಿ ಮುಟ್ಟಿದ್ದ ದೋಣಿ ಹೊಟ್ಟೆ ತೋರಿಸಿಕೊಂಡು ಒಂದು ಮಗ್ಗುಲಿಗೆ ಮಲಗಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರು ದಿನಾ ಸ್ವಲ್ಪ ಸ್ವಲ್ಪ ತಡವಾಗಿ ಏರುತ್ತದೆ, ಒಂದು ಭಾನುವಾರ ಭರತ ಇದ್ದ ಹೊತ್ತಿಗೆ ಮುಂದಿನ ಭಾನುವಾರ ಇಳಿತ ಇರುತ್ತದೆ. ಇದು ಅವರ್ಸಾದಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ನನಗೂ ಗೊತ್ತಿತ್ತು. ಆದರೆ ಹೊಳೆಯನ್ನೂ ಕಚೇರಿಗೆ ಸೇರಿಸಿಕೊಂಡುಬಿಟ್ಟಿದ್ದೆ, ಅದು ಹನ್ನೊಂದಕ್ಕೆ ಹಾಜರಿರುತ್ತದೆ ಎಂದು.

“ಕೋರಂ ಇಲ್ಲ,” ಎಂದ ಭಾವ ಕುರ್ಚಿಯಿಂದ. “ಸಭೆ ಮುಂದೂಡಿ.”

ಮಗಳು ಸೊಂಟಕ್ಕೆ ಕೈ ಇಟ್ಟು ಕೆಸರು ನೋಡಿದಳು. “ಅಪ್ಪಾ, ರಾತ್ರಿ ಡ್ಯೂಟಿ ಇದೆ. ಸ್ವಲ್ಪ ಮಲಗಿ ಹೋಗುವಾ ಅಂತಿದ್ದೆ ಮನೇಲಿ. ಇದನ್ನ ತೋರ್ಸೂಕೆ ಕರ್ಕೊಂಡ್ ಬಂದ್ಯಾ?”

“ಮಧ್ಯಾಹ್ನ ನೀರು ಬರ್ತದೆ ಮಗಾ,” ಎಂದಳು ಅಕ್ಕ. “ಉಂಡು ಇಲ್ಲೇ ಮಲ್ಗು. ಏರೂ ನೀರೇ ಒಳ್ಳೇದು, ಒಳಕ್ಕೆ ದೂಡ್ತದೆ. ಇಳಿಯೂ ನೀರು ಸಮುದ್ರಕ್ಕೆ ಎಳ್ಕೊಂಡು ಹೋಗ್ತದೆ.”

ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಏಡಿಗಳನ್ನು ನೋಡಿದಳು. ಊಟಕ್ಕೆ ಕರೆದರೆ ಬಂದು ಬೇಗ ಬೇಗ ಉಂಡು ಮತ್ತೆ ಅಲ್ಲಿಗೇ ಹೋದಳು. ನಾನು ಬಂಗಡೆಯ ಮುಳ್ಳು ಬಿಡಿಸುತ್ತ ಕೂತಿದ್ದಾಗ ಹಿತ್ತಲಿನಿಂದ ವರದಿ ಬರುತ್ತಿತ್ತು. “ಇನ್ನೂ ಇಲ್ಲ.” “ಏಡಿ ಒಳಗೆ ಹೋದ್ವು.” “ದೋಣಿ ಅಲ್ಲಾಡ್ತು! ಅಜ್ಜಾ, ದೋಣಿ ಅಲ್ಲಾಡ್ತು!”

ನಾಲ್ಕು ಗಂಟೆಯ ಹೊತ್ತಿಗೆ ದೋಣಿ ನೆಟ್ಟಗಾಗಿ ನೀರಿನ ಮೇಲಿತ್ತು. ಮಗಳು ನಿದ್ದೆಯ ಮುಖದಲ್ಲೇ ಬಂದು ಮೆಟ್ಟಿಲ ಮೇಲೆ ನಿಂತಳು. ಹೆಂಡತಿ ಟವೆಲು ಹಿಡಿದು ನಿಂತಳು, ಯಾತಕ್ಕೂ ಇರಲಿ ಎಂದು ದೇವರ ಹೆಸರು ಹೇಳುತ್ತ. ನಾನು ಇಳಿದೆ. ವಿಡಿಯೋದವನನ್ನು ನೆನೆದು ಮುಖ ಮುಳುಗಿಸಿ ಕೈ ಬಡಿದೆ. ನೊರೆ ಎದ್ದಿತು. ಉಪ್ಪು ನೀರು ಮೂಗಿನಿಂದ ನೆತ್ತಿಗೆ ಹೋಯಿತು. ದೋಣಿ ಸಿಕ್ಕಿತು. ಅಂಚು ಹಿಡಿದು ಸ್ವಲ್ಪ ಹೊತ್ತು ನೇತಾಡಿದೆ. ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಈಗ ವಾಪಸು ಹೋದರೆ ಪಾಸು.

ವಾಪಸು ಬರುವಾಗ ಬಹಳ ಚೆನ್ನಾಗಿ ಈಜಿದೆ. ಇದು ನನ್ನ ಸ್ವಂತ ಅಭಿಪ್ರಾಯ. ಕೈಗಳು ಒಂದರ ಹಿಂದೆ ಒಂದು ಏಳುತ್ತಿದ್ದವು, ಉಸಿರು ಸರಾಗವಾಗಿತ್ತು, ಮೈ ಒಂದು ತೂಕದಲ್ಲಿ ಮುಂದೆ ಸಾಗುತ್ತಿತ್ತು. ಇಷ್ಟು ವರ್ಷ ಇದನ್ನು ಬಿಟ್ಟು ಕೂತೆನಲ್ಲ ಎಂದು ಅನಿಸುವಷ್ಟು ಸುಖವಾಗಿತ್ತು. ಆಗ ಮೊಮ್ಮಗಳ ಕೂಗು ಕೇಳಿತು.

“ಅಜ್ಜಾ! ನೀನು ನಡೀತಾ ಇದ್ದೀಯಾ!”

ನಿಂತೆ. ನಿಲ್ಲಲು ಆಯಿತು ಎಂಬುದೇ ಉತ್ತರ. ನೀರು ಎದೆಯವರೆಗೆ. ಕಾಲುಗಳು ಹೊಳೆಯ ತಳದ ಮರಳಿನ ಮೇಲೆ ಒಂದರ ಮುಂದೆ ಒಂದು ಇಟ್ಟುಕೊಂಡು ನೆಮ್ಮದಿಯಾಗಿ ನಡೆದುಬಂದಿದ್ದವು. ಕೈಗಳಿಗೆ ಅದು ಗೊತ್ತಿರಲಿಲ್ಲ. ದೇವರಾಣೆ ನನಗೂ ಗೊತ್ತಿರಲಿಲ್ಲ. ಹೋದ ಭಾನುವಾರ ಬಂದದ್ದೂ ಹೀಗೆಯೇ ಇರಬೇಕು, ನೀರು ಮೆಟ್ಟಿಲು ಮುಟ್ಟುವಷ್ಟು ಇದ್ದದ್ದರಿಂದ ಯಾರಿಗೂ ಕಂಡಿರಲಿಲ್ಲ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವನ ಕೆಮ್ಮು ನಿಲ್ಲಲಿಲ್ಲ, ಹೆಂಡತಿ ಹೋಗಿ ಬೆನ್ನು ತಟ್ಟಬೇಕಾಯಿತು. ಮಗಳು ಮೆಟ್ಟಿಲ ಮೇಲೇ ಕುಕ್ಕರಿಸಿ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು.

ನಗದೇ ಇದ್ದವಳು ಮೊಮ್ಮಗಳು ಒಬ್ಬಳೇ. ಕೂಗಿ ಹೇಳಿದ್ದಕ್ಕೆ ಅವಳಿಗೇ ಪಶ್ಚಾತ್ತಾಪವಾದ ಹಾಗಿತ್ತು. ಕೆಳತುಟಿ ಸಣ್ಣಗೆ ಹೊರಗೆ ಬಂದಿತ್ತು. ಸುಮ್ಮನಿದ್ದಿದ್ದರೆ ಅಜ್ಜ ಪಾಸು, ಹೊಳೆ ಅವಳದು. ಆದರೆ ಸುಳ್ಳು ಈಜಿಗೆ ಸುಮ್ಮನಿರುವ ಮಗುವಲ್ಲ ಅದು. ಅದೂ ನಾನೇ ಕಲಿಸಿದ್ದು.

ನಾನು ಎದೆ ನೀರಿನಲ್ಲಿ ಟೋಪಿ ತೆಗೆದು ನಿಂತೆ. “ನಂಗೆ ಬರೂದಿಲ್ಲ ಮಗಾ,” ಎಂದೆ ಮಗಳಿಗೆ. “ಆದ್ರೆ ಅವಳಿಗೆ ಬರ್ತದೆ. ನನ್ನ ಸಲುವಾಗಿ ಅವಳನ್ನ ಫೇಲ್ ಮಾಡ್ಬೇಡ.”

ಮಗಳು ಎದ್ದಳು. ನೀರು ನೋಡಿದಳು, ನಾನು ನಿಂತ ಜಾಗ ನೋಡಿದಳು. “ಅತ್ತೇ, ಅಲ್ಲಿ ತಳ ಹೇಗಿದೆ? ಗುಂಡಿ ಗಿಂಡಿ?”

“ಗಟ್ಟಿ ಮರಳು. ಗುಂಡಿ ಇದ್ರೆ ಇಂವ ಇಷ್ಟು ಹೊತ್ತಿಗೆ ಹುಡುಕಿರ್ತಿದ್ದ.”

“ಸರಿ. ಅಪ್ಪಾ, ನೀನು ಅಲ್ಲೇ ನಿಲ್ಲು. ಈಜ್ಬೇಡ. ಎಂತದೂ ಮಾಡ್ಬೇಡ. ಇವ್ಳು ಮೆಟ್ಟಿಲಿಂದ ನಿನ್ನ ತನಕ, ನಿನ್ನ ಸುತ್ತು ಹಾಕಿ ವಾಪಸ್. ನಿನ್ನಿಂದ ಆಚೆ ಇಲ್ಲ. ನಾನು ಇಲ್ಲಿ ನೋಡ್ತಾ ಇರ್ತೇನೆ.”

ಮೊಮ್ಮಗಳು ‘ಹೂಂ’ ಎನ್ನಲೂ ನಿಲ್ಲಲಿಲ್ಲ. ನೀರಿಗೆ ಬಿದ್ದ ಸದ್ದು ಮಾತ್ರ ಕೇಳಿತು. ನೊರೆ ಇಲ್ಲ, ಗದ್ದಲ ಇಲ್ಲ, ಸಣ್ಣ ಮೀನಿನ ಹಾಗೆ ಬಂದು ನನ್ನ ಸುತ್ತ ತಿರುಗಿ ಹೋದಳು. ಮತ್ತೆ ಬಂದಳು. ದಣಿವಾದಾಗ ನನ್ನ ಕೊರಳಿಗೆ ಜೋತು ಬಿದ್ದು ಉಸಿರು ತೆಗೆದುಕೊಂಡಳು. ಅವಳ ಒದ್ದೆ ಕೂದಲು ಮೂಗಿಗೆ ತಾಗಿ ಸೀನು ಬಂದರೂ ತಡೆದುಕೊಂಡೆ.

ಏರುವ ನೀರು ಸುಮ್ಮನಿರುವುದಿಲ್ಲ. ಎದೆಯವರೆಗಿದ್ದದ್ದು ಹೆಗಲಿಗೆ ಬಂತು. “ಅಪ್ಪಾ, ಹಿಂದೆ ಬಾ,” ಎಂದಳು ಮಗಳು. ಒಂದು ಹೆಜ್ಜೆ ಹಿಂದೆ ಬಂದೆ. “ಅಜ್ಜಾ, ಮುಂದೆ ಹೋಗು, ನನ್ನ ಜಾಗ ಸಣ್ಣ ಆಗ್ತಿದೆ,” ಎಂದಳು ಮೊಮ್ಮಗಳು. ಮೇಲಿನವರ ಆದೇಶಕ್ಕೂ ಕೆಳಗಿನವರ ಅರ್ಜಿಗೂ ನಡುವೆ ನಿಂತು ಅಭ್ಯಾಸವಿರುವ ಮನುಷ್ಯ ನಾನು. ಅರ್ಧ ಹೆಜ್ಜೆ ಮುಂದೆ ಹೋದೆ.

“ಗೂಟ ಚೆನ್ನಾಗಿದೆ,” ಎಂದ ಭಾವ. “ಬಲೆ ಕಟ್ಟೂಕೂ ಆಗ್ತದೆ.”

ಯಾವುದೋ ಸಣ್ಣ ಮೀನುಗಳು ಬಂದು ನನ್ನ ಮೀನಖಂಡ ಕುಟುಕತೊಡಗಿದವು. ಕಚಗುಳಿ ತಡೆಯಲಾರದೆ ಒಂದು ಕಾಲು ಎತ್ತಿದೆ. ಮೆಟ್ಟಿಲಿನ ಕಡೆಯಿಂದ ಕೈ ಬೀಸುತ್ತ ಬರುತ್ತಿದ್ದ ಮೊಮ್ಮಗಳು ನೀರಿನಿಂದ ತಲೆಯೆತ್ತಿ, ಶಾಲೆಯ ಮಾಸ್ತರರ ದನಿಯಲ್ಲಿ ಕೂಗಿದಳು:

“ಅಜ್ಜಾ, ಅಲ್ಲಾಡ್ಬೇಡ!”

ಎತ್ತಿದ ಕಾಲನ್ನು ಕೆಳಗಿಟ್ಟೆ. ಮೀನುಗಳು ಕುಟುಕಿಕೊಳ್ಳಲಿ ಎಂದು ಬಿಟ್ಟು, ಆರು ಗಂಟೆಯವರೆಗೆ ಅಲ್ಲೇ ನಿಂತೆ.